ಅಪ್ಪಣೆಗೆ ಕಾಯದ ರಮಾಬಾಯಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಪಂಡಿತಾ ರಮಾಬಾಯಿ ಎಂದರೆ ಒಂದು ಅಂಕದ ಪ್ರಶ್ನೆ. ಶಾರದಾ ಸದನ ಸ್ಥಾಪಿಸಿದವರು ಯಾರು? ಉತ್ತರಕ್ಕೆ ಟಿಕ್ ಹಾಕಿ, 1889 ಎಂಬ ಇಸವಿಯನ್ನು ಉರುಹೊಡೆದು ಮುಂದಿನ ಪುಟಕ್ಕೆ ಹೋಗುತ್ತೇವೆ. ಸೇವಾ ಸದನದ ರಮಾಬಾಯಿ ರಾನಡೆ ಬೇರೆ, ಈ ರಮಾಬಾಯಿ ಬೇರೆ ಎಂದು ಕೋಚಿಂಗ್ ತರಗತಿಗಳಲ್ಲಿ ಎಚ್ಚರಿಸುತ್ತಾರೆ. ಅಲ್ಲಿಗೆ ವಿಷಯ ಮುಗಿಯಿತು. ಆಕೆ ಮಹಾರಾಷ್ಟ್ರದವರು ಎಂದೇ ನಮ್ಮಲ್ಲಿ ಬಹುಪಾಲು ಜನ ತಿಳಿದಿದ್ದಾರೆ.

ಆಕೆ ನಮ್ಮ ಕಡೆಯವರು. ಮಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಕಾರ್ಕಳ, ಅಲ್ಲಿಂದ ಘಟ್ಟದ ಬುಡದ ಕಡೆಗೆ ಹೋದರೆ ಸಿಗುವ ಮಾಳ ಎಂಬ ಹಳ್ಳಿ ಆಕೆಯ ತಂದೆಯ ಊರು. ಆಕೆ ಹುಟ್ಟಿದ್ದು ಆ ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗ ಎಂದು ಹೇಳಲಾಗುವ ಗಂಗಾಮೂಲವೇ ಅದು. ಮಂಗಳೂರಿನವರಾದ ನಾವು ದಿನಾ ಕುಡಿಯುವ ನೀರಿನ ತವರೇ ರಮಾಬಾಯಿಯ ತವರು ಎನ್ನಬಹುದು.

ನನಗೆ ಆಕೆಯ ಬದುಕಿನಲ್ಲಿ ಆಸಕ್ತಿ ಹುಟ್ಟಿದ್ದು ಶಾರದಾ ಸದನದಿಂದಲ್ಲ. ಸಾವಿರಾರು ಜನರ ಒಂದು ಕ್ರೈಸ್ತ ಸಂಸ್ಥೆಯನ್ನು, ಯಾವ ಬಿಷಪ್ಪರ ಕೈಕೆಳಗೂ ನಿಲ್ಲದೆ, ಒಬ್ಬ ಹೆಣ್ಣುಮಗಳು ನೂರು ವರ್ಷಕ್ಕೂ ಹಿಂದೆ ನಡೆಸಿದರು ಎಂದು ಓದಿದಾಗ. ದೇವರ ಬಗ್ಗೆ ಸಾರ್ವಜನಿಕವಾಗಿ ಮಾತನಾಡುವ ಹಕ್ಕು ಹೆಣ್ಣಿಗೆ ಇದೆಯೇ ಎಂಬ ಪ್ರಶ್ನೆ ಆಕೆಯ ಹುಟ್ಟಿಗೂ ಮೊದಲೇ ಆಕೆಯ ಮನೆಯ ಬಾಗಿಲು ತಟ್ಟಿತ್ತು. ಸಾಯುವವರೆಗೂ ಅದು ಆಕೆಯನ್ನು ಬಿಡಲಿಲ್ಲ.

ಉಡುಪಿಯ ವಿಚಾರಣೆ

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆ ಎರಡನೇ ಬಾಜೀರಾಯನ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದರು. ಒಬ್ಬ ಹೆಂಗಸು ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ ಬೆರಗಾದ ಆ ವಿದ್ಯಾರ್ಥಿ ತನ್ನ ಹೆಂಡತಿಗೂ ಕಲಿಸಬೇಕು ಎಂದುಕೊಂಡರು. ಮೊದಲ ಹೆಂಡತಿಗೆ ಕಲಿಸಲು ಮನೆಯವರು ಬಿಡಲಿಲ್ಲ. ಆಕೆ ತೀರಿಕೊಂಡ ನಂತರ ತೀರ್ಥಯಾತ್ರೆಗೆ ಹೋದಾಗ ಗೋದಾವರಿ ತೀರದಲ್ಲಿ ಪರಿಚಯವಾದ ಒಬ್ಬ ಯಾತ್ರಿಕರ ಮಗಳನ್ನು ಮದುವೆಯಾದರು. ವರನಿಗೆ 44, ವಧುವಿಗೆ 9. ಆ ಕಾಲದ ಮದುವೆಗಳು ಹಾಗಿದ್ದವು. ಈ ಹುಡುಗಿಯೇ ಲಕ್ಷ್ಮೀಬಾಯಿ. ಆಕೆಗೆ ಅನಂತ ಶಾಸ್ತ್ರಿಗಳು ಸಂಸ್ಕೃತ ಕಲಿಸಿಯೇಬಿಟ್ಟರು.

ಸುದ್ದಿ ಹಬ್ಬಿತು. ಮಂಗಳೂರು ಸೀಮೆಯ ಪಂಡಿತರು ಆಕ್ಷೇಪಿಸಿದರು. ದೂರು ಮಠಕ್ಕೆ ಹೋಯಿತು. ಕಾರಣ ಕೊಡದಿದ್ದರೆ ಜಾತಿಯಿಂದ ಹೊರಗೆ ಹಾಕುವ ಮಾತು ಬಂತು. ಕೃಷ್ಣಾಪುರ ಮತ್ತು ಉಡುಪಿಗೆ ಕರೆಸಿ ಗುರುಗಳ ಮುಂದೆ, ಪಂಡಿತರ ಸಭೆಯ ಮುಂದೆ ನಿಲ್ಲಿಸಲಾಯಿತು. ಅನಂತ ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ಒಂದೊಂದಾಗಿ ಆಧಾರ ತೆಗೆದು ತೋರಿಸಿ, ಹೆಂಗಸರೂ ಶೂದ್ರರೂ ಪುರಾಣ ಸಾಹಿತ್ಯ ಓದುವುದರಲ್ಲಿ ತಪ್ಪಿಲ್ಲ ಎಂದು ಸಭೆಯನ್ನು ಒಪ್ಪಿಸಿದರು. ಬಹಿಷ್ಕಾರ ಆಗಲಿಲ್ಲ. ಆದರೆ ಅವರು ಊರಿನ ಗದ್ದಲದಿಂದ ದೂರ, ಘಟ್ಟದ ಮೇಲಿನ ಕಾಡಿನಲ್ಲಿ ಮನೆ ಮಾಡಿ, ಶಿಷ್ಯರಿಗೂ ಹೆಂಡತಿಗೂ ಪಾಠ ಹೇಳುತ್ತ ಉಳಿದರು. ರಮಾಬಾಯಿ ಹುಟ್ಟಿದ್ದು ಆ ಮನೆಯಲ್ಲಿ.

ಅತಿಥಿಗಳಿಗೂ ಯಾತ್ರಿಕರಿಗೂ ಊಟ ಹಾಕಿ ಹಾಕಿ ಮನೆ ಸಾಲದಲ್ಲಿ ಮುಳುಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಬೆಟ್ಟ ಇಳಿದು ಊರೂರು ಅಲೆಯಲು ಹೊರಟಿತು. ಮುಂದಿನ ಹತ್ತಾರು ವರ್ಷ ಅವರದು ಪುರಾಣಿಕರ ಬದುಕು. ದೇವಸ್ಥಾನದ ಜಗಲಿಯಲ್ಲೋ ನದಿಯ ಘಟ್ಟದಲ್ಲೋ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಹಣ್ಣು, ಚಿಲ್ಲರೆಯಲ್ಲಿ ದಿನ ಕಳೆಯುವುದು. ತಂದೆ ಮಾತ್ರವಲ್ಲ, ತಾಯಿ, ಅಣ್ಣ, ಅಕ್ಕ ಎಲ್ಲರೂ ಓದುತ್ತಿದ್ದರು. ರಮಾಗೆ ಎಂಟು ವರ್ಷವಾದಾಗ ತಾಯಿಯೇ ಗುರುವಾದರು. ತಂದೆಗೆ ಆಗಲೇ ವಯಸ್ಸಾಗಿತ್ತು. ಹದಿನೈದು ತುಂಬುವಷ್ಟರಲ್ಲಿ ಸಾವಿರಾರು ಶ್ಲೋಕ ಹುಡುಗಿಯ ಬಾಯಲ್ಲಿದ್ದವು. ಹಿರಿಯ ಮಗಳ ಬಾಲ್ಯವಿವಾಹ ಕೆಟ್ಟಿದ್ದನ್ನು ಕಂಡಿದ್ದ ತಂದೆ, ಈ ಮಗಳಿಗೆ ಚಿಕ್ಕಂದಿನಲ್ಲಿ ಮದುವೆ ಮಾಡಲಿಲ್ಲ.

ಹೆಣ್ಣುಮಕ್ಕಳು ಜನರ ಮುಂದೆ ಕೂತು ಧರ್ಮದ ಮಾತು ಹೇಳುವುದನ್ನು ರಮಾಬಾಯಿ ಕಲಿತದ್ದು ಚರ್ಚಿನಲ್ಲಲ್ಲ, ಇಂಗ್ಲೆಂಡಿನಲ್ಲೂ ಅಲ್ಲ. ಅಮ್ಮನ ಪಕ್ಕದಲ್ಲಿ, ದೇವಸ್ಥಾನದ ಜಗಲಿಗಳ ಮೇಲೆ. ಆಕೆ ಮುಂದೆ ಕ್ರೈಸ್ತ ಬೋಧಕಿಯಾದದ್ದನ್ನು ಓದುವಾಗ ನಾವು ಇದನ್ನು ಮರೆಯಬಾರದು ಎಂದು ನನ್ನ ಅನಿಸಿಕೆ.

ವಿದ್ಯೆ ಇತ್ತು, ಕೆಲಸ ಬರುತ್ತಿರಲಿಲ್ಲ

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಬರಗಾಲ ಹಿಂಡಿತು. ಪುರಾಣ ಕೇಳುವವರಿಗೇ ಊಟವಿಲ್ಲದಾಗ ಪುರಾಣಿಕರಿಗೆ ಕೊಡುವವರು ಯಾರು? ಪಾತ್ರೆ, ಬಟ್ಟೆ, ಒಡವೆ ಎಲ್ಲವೂ ಹೋದವು. ತಿರುಪತಿಯ ಸಮೀಪದ ಕಾಡಿನಲ್ಲಿ ಹನ್ನೊಂದು ದಿನ ನೀರು ಮತ್ತು ಎಲೆ ತಿಂದು ಬದುಕಿದರು. ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ತಾಯಿಯ ಶವ ಹೊರಲು ನಾಲ್ಕು ಹೆಗಲು ಸಿಗದೆ ಮಗಳೂ ಚಟ್ಟಕ್ಕೆ ಕೈ ಕೊಟ್ಟರು. ಆಕೆ ಗಿಡ್ಡವಾಗಿದ್ದರಿಂದ ಹೆಗಲಿನ ಬದಲು ತಲೆಯ ಮೇಲೆ ಹೊರಬೇಕಾಯಿತು.

ಈ ದಿನಗಳ ಬಗ್ಗೆ ರಮಾಬಾಯಿ ನಂತರ ಬರೆದಾಗ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಿದ್ದಾರೆ. ತಮ್ಮ ಕುಟುಂಬಕ್ಕೆ ಶಾಸ್ತ್ರ ಬಿಟ್ಟು ಬೇರೇನೂ ಗೊತ್ತಿರಲಿಲ್ಲ, ದುಡಿದು ತಿನ್ನುವ ಯಾವ ಕೆಲಸವೂ ಬರುತ್ತಿರಲಿಲ್ಲ, ಕೂಲಿ ಮಾಡಲು ಮನಸ್ಸು ಒಪ್ಪುತ್ತಿರಲಿಲ್ಲ, ಬೇಡಲು ನಾಚಿಕೆ ಬಿಡುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ನನಗೆ ಇದನ್ನು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಬೇಕು ಅನಿಸಿತು. ಈ ಪಾಠವನ್ನು ಆಕೆ ಮರೆಯಲಿಲ್ಲ. ಇಪ್ಪತ್ತು ವರ್ಷದ ನಂತರ ಆಕೆ ಕಟ್ಟಿದ ಸಂಸ್ಥೆಯಲ್ಲಿ ಪ್ರಾರ್ಥನೆಯಷ್ಟೇ ಮುಖ್ಯವಾದದ್ದು ಕೈಕೆಲಸ.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ಆಕೆ, ಇಬ್ಬರೇ. ದಕ್ಷಿಣದಿಂದ ಕಾಶ್ಮೀರದ ಕಡೆಯವರೆಗೆ, ಅಲ್ಲಿಂದ ಬಂಗಾಳದವರೆಗೆ ಸಾವಿರಾರು ಮೈಲಿ, ಹೆಚ್ಚಿನದನ್ನು ಕಾಲ್ನಡಿಗೆಯಲ್ಲಿ ಅಲೆದರು. ಝೇಲಂ ನದಿಯ ದಡದಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಮರಳು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. 1878ರಲ್ಲಿ ಕಲ್ಕತ್ತಾ ತಲುಪಿದಾಗ ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ದಂಗಾದರು. ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

ಆಗ ಒಂದು ವಿಚಿತ್ರ ನಡೆಯಿತು. ಪರದೆಯ ಹಿಂದಿನ ಹೆಂಗಸರಿಗೆ ಸ್ತ್ರೀಧರ್ಮ ಕುರಿತು ಉಪನ್ಯಾಸ ಕೊಡಿ ಎಂದು ಆಕೆಯನ್ನು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರ ಓದಲು ಕೂತಾಗ, ಅನೇಕ ವಿಷಯಗಳಲ್ಲಿ ಒಂದಕ್ಕೊಂದು ವಿರುದ್ಧ ಹೇಳುವ ಗ್ರಂಥಗಳು ಹೆಣ್ಣನ್ನು ಮತ್ತು ಶೂದ್ರರನ್ನು ಕೀಳಾಗಿ ಕಾಣುವುದರಲ್ಲಿ ಮಾತ್ರ ಒಮ್ಮತದಲ್ಲಿವೆ ಎಂಬ ತೀರ್ಮಾನಕ್ಕೆ ಆಕೆ ಬಂದರು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನ್ ವೇದದ ಪ್ರತಿಯೊಂದನ್ನು ಕೈಗಿತ್ತು ಓದಲು ಹೇಳಿದಾಗ, ಹೆಂಗಸು ವೇದ ಓದಬಹುದೇ ಎಂದು ಮೊದಲು ಹಿಂಜರಿದವರೂ ಆಕೆಯೇ. ಕೊನೆಗೆ ಓದಿದರು.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಅವರನ್ನು ಸಿವಿಲ್ ವಿವಾಹವಾದರು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. 23 ವರ್ಷಕ್ಕೆ ವಿಧವೆ, ಕೈಯಲ್ಲಿ ಹಾಲುಗೂಸು.

ಬಿಷಪ್ಪರ ಜತೆ ಜಗಳ

ಮೂಲೆ ಹಿಡಿಯುವ ಬದಲು ಆಕೆ ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಅದೇ 1882ರಲ್ಲಿ ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯರು ಬೇಕು, ಹೆಂಗಸರ ಚಿಕಿತ್ಸೆಗೆ ವೈದ್ಯೆಯರು ಬೇಕು ಎಂದು ವಾದಿಸಿದರು. ಸ್ತ್ರೀಧರ್ಮ ನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರ ಮಾರಾಟದಿಂದ ಬಂದ ಹಣವನ್ನೂ ಸೇರಿಸಿ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯಕೀಯ ಓದುವ ಆಸೆಯಿತ್ತು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು. 1883ರ ಸೆಪ್ಟೆಂಬರ್ 29ರಂದು ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಭಾರತದಲ್ಲಿ ದೊಡ್ಡ ಗದ್ದಲ ಎದ್ದಿತು. ಸುಧಾರಕರಿಗೂ ಬೇಸರವಾಯಿತು. ಪಂಡಿತೆ ಎಂದು ಕೊಂಡಾಡಿದವರೇ ದ್ರೋಹ ಎಂದರು. ಆಕೆಯ ಪರವಾಗಿ ಬರೆದವರಲ್ಲಿ ಜ್ಯೋತಿಬಾ ಫುಲೆ ಪ್ರಮುಖರು.

ಕತೆ ಇಲ್ಲಿಗೆ ನಿಂತಿದ್ದರೆ ಅದು ಬರೀ ಮತಾಂತರದ ಕತೆಯಾಗುತ್ತಿತ್ತು. ಮುಂದೆ ನಡೆದದ್ದೇ ನನಗೆ ಮುಖ್ಯ ಅನಿಸಿದ್ದು. ರಮಾಬಾಯಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತ ಸಂಸ್ಕೃತ ಕಲಿಸುತ್ತಿದ್ದರು. ಅಲ್ಲಿ ಯುವಕರಿಗೂ ಭಾರತೀಯ ಭಾಷೆ ಕಲಿಸುವ ಯೋಚನೆ ಬಂದಾಗ ಲಾಹೋರ್ ಮತ್ತು ಬೊಂಬಾಯಿಯ ಬಿಷಪ್ಪರು ಬೇಡ ಎಂದರು. ಹೆಣ್ಣು ಗಂಡಸರಿಗೆ ಪಾಠ ಹೇಳಿದರೆ ಭಾರತಕ್ಕೆ ಮರಳಿದಾಗ ಆಕೆಯ ಪ್ರಭಾವ ಕುಗ್ಗುತ್ತದೆ ಎಂಬುದು ಅವರ ಕಾರಣ. ಯೋಚಿಸಿ: ಉಡುಪಿಯ ಸಭೆಯಲ್ಲಿ ತಂದೆ ಎದುರಿಸಿದ ಪ್ರಶ್ನೆಯೇ, ಬೇರೆ ಉಡುಪು ತೊಟ್ಟು, ಬೇರೆ ಭಾಷೆಯಲ್ಲಿ, ಮಗಳ ಮುಂದೆ ಬಂದು ನಿಂತಿತ್ತು. ಹಲವು ಊರುಗಳಲ್ಲಿ ಗಂಡಸರು ಹೆಂಗಸರು ಕೂಡಿದ್ದ ಸಭೆಗಳಲ್ಲಿ ಪುರಾಣ ಹೇಳಿ ಬೆಳೆದವರಿಗೆ ಈ ನಿಷೇಧ ನಗೆ ತರಿಸಿರಬೇಕು.

ಆಕೆ ಸುಮ್ಮನಿರಲಿಲ್ಲ. ತನಗೆ ಮಾರ್ಗದರ್ಶಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಉದ್ದುದ್ದ ಪತ್ರ ಬರೆದರು. ಒಂದು ಪುರೋಹಿತ ವರ್ಗದ ಅಧಿಕಾರದಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ಕತ್ತು ಕೊಡಲಾರೆ, ತನಗೆ ಆತ್ಮಸಾಕ್ಷಿ ಎಂಬುದಿದೆ ಎಂಬುದು ಆ ಪತ್ರಗಳ ಸಾರ. ಬೈಬಲಿನಲ್ಲಿ ಕಾಣದ ಸಿದ್ಧಾಂತಗಳನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಿರಬಾರದು ಎಂದು ಕೇಳಿದರು. ಊಟದಲ್ಲಿ ಸಸ್ಯಾಹಾರ ಬಿಡಲಿಲ್ಲ, ಉಡುಗೆಯಲ್ಲಿ ಸೀರೆ ಬಿಡಲಿಲ್ಲ. ಅನ್ನ, ಆಶ್ರಯ ಕೊಟ್ಟವರ ಎದುರು ಹೀಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಹಾಸ್ಟೆಲಿನಲ್ಲಿ, ಪಿ.ಜಿ.ಯಲ್ಲಿ ಇದ್ದವರಿಗೆ ಗೊತ್ತು. ಆಕೆ ಪರದೇಶದಲ್ಲಿ, ಪುಟ್ಟ ಮಗಳನ್ನು ಕಟ್ಟಿಕೊಂಡು ನಿಂತಿದ್ದರು.

ಎರಡು ಕಡೆಯಿಂದಲೂ ಪೆಟ್ಟು

1886ರಲ್ಲಿ ಅಮೆರಿಕಕ್ಕೆ ಹೋದರು. ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುತ್ತಿದ್ದ ಆನಂದಿಬಾಯಿ ಜೋಶಿ ಅವರ ಘಟಿಕೋತ್ಸವ ನೋಡುವುದು ಉದ್ದೇಶ. ಕೆಲವು ದಿನಕ್ಕೆಂದು ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಂತರು. ಭಾರತದ ಮೇಲ್ಜಾತಿಯ ಹಿಂದೂ ಹೆಂಗಸರ, ಅದರಲ್ಲೂ ಬಾಲವಿಧವೆಯರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಪ್ರಕಟವಾಗಿ ಕೈಯಿಂದ ಕೈಗೆ ಹೋಯಿತು. ಊರೂರು ಸುತ್ತಿ ಭಾಷಣ ಮಾಡಿದರು. ಅಲ್ಲಿ ಮದ್ಯವಿರೋಧಿ ಚಳವಳಿಯ ಮುಖಂಡರಾದ ಫ್ರಾನ್ಸೆಸ್ ವಿಲರ್ಡ್ ಅವರ ಸ್ನೇಹವಾಯಿತು. ಹೆಂಗಸರೂ ಚರ್ಚಿನ ವೇದಿಕೆ ಏರಿ ಬೋಧಿಸಬೇಕು ಎಂದು 1888ರಲ್ಲಿ ಪುಸ್ತಕವನ್ನೇ ಬರೆದವರು ಈ ವಿಲರ್ಡ್. ಬೋಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ವಿಧವೆಯರ ಶಾಲೆಗೆ ಹಣದ ದಾರಿಯಾಯಿತು.

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿ ಸೇರಿದ ಮೊದಲ ವಿಧವೆ ಗೋದುಬಾಯಿ. 1893ರಲ್ಲಿ ಆಕೆಯನ್ನು ಮದುವೆಯಾದವರು ಧೊಂಡೊ ಕೇಶವ ಕರ್ವೆ, ಮುಂದೆ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಮಹರ್ಷಿ ಕರ್ವೆ. ಶಾಲೆಯಲ್ಲಿ ಮತದ ಬೋಧನೆ ಇಲ್ಲ, ಅವರವರ ಆಚಾರ ಅವರವರಿಗೆ ಎಂಬ ನಂಬಿಕೆಯಲ್ಲಿ ರಾನಡೆ, ಭಂಡಾರ್ಕರ್ ಅವರಂಥವರು ಸಲಹಾ ಸಮಿತಿಯಲ್ಲಿದ್ದರು. ಆದರೆ ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. ಕೆಲವರು ಕ್ರೈಸ್ತ ಮತದ ಕಡೆ ಒಲಿದರು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು, ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು, ಹಲವು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ನಂಬಿ ಮಕ್ಕಳನ್ನು ಕಳಿಸಿದವರ ಸಿಟ್ಟು ನನಗೆ ಅರ್ಥವಾಗುತ್ತದೆ. ತನ್ನ ಕೋಣೆಯಲ್ಲಿ ತಾನು ಪ್ರಾರ್ಥಿಸಲು ಬಾಗಿಲು ಯಾಕೆ ಹಾಕಬೇಕು ಎಂಬ ಆಕೆಯ ಪ್ರಶ್ನೆಯೂ ಅರ್ಥವಾಗುತ್ತದೆ. ಈ ಜಗಳದಲ್ಲಿ ಒಂದು ಕಡೆಯನ್ನು ಸುಲಭವಾಗಿ ತಪ್ಪು ಎನ್ನಲು ನನ್ನಿಂದಾಗದು. ಅಂದಿನ ಜಗಳ ಇಂದಿಗೂ ನಮ್ಮ ನಡುವೆ ಮುಗಿದಿಲ್ಲ.

ಆಡಳಿತದವರೂ ಆಕೆಯ ನಾಲಗೆಯಿಂದ ತಪ್ಪಿಸಿಕೊಳ್ಳಲಿಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಸರ್ಕಾರಿ ಪ್ಲೇಗ್ ಶಿಬಿರಗಳಲ್ಲಿ ಹೆಣ್ಣುಮಕ್ಕಳ ಸ್ಥಿತಿ ಹೇಗಿದೆ ಎಂದು ಪತ್ರಿಕೆಗೆ ಬರೆದು ಬ್ರಿಟಿಷರನ್ನು ಮುಜುಗರಕ್ಕೀಡುಮಾಡಿದರು. ಆಳುವವರ ಮತವೂ ತನ್ನ ಮತವೂ ಒಂದೇ ಎಂಬ ಕಾರಣಕ್ಕೆ ಬಾಯಿ ಮುಚ್ಚಲಿಲ್ಲ.

ಮುಕ್ತಿ: ಪ್ರಾರ್ಥನೆಯೂ ಕೈಕೆಲಸವೂ

1896ರ ಕೊನೆಗೆ ಮಧ್ಯ ಭಾರತದಲ್ಲಿ ಬರಗಾಲ ಬಂತು. ತಾನು ಉಂಡ ಎಲೆ, ಕುಡಿದ ನೀರು ನೆನಪಾಗಿರಬೇಕು. ರಮಾಬಾಯಿ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ದೂರ, ಕೇಡಗಾಂವ್ ಎಂಬಲ್ಲಿ ಮೊದಲೇ ಕೊಂಡಿದ್ದ ಸುಮಾರು 100 ಎಕರೆ ಜಮೀನಿನಲ್ಲಿ ಆಶ್ರಯ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಮುಕ್ತಿ. 1900ರಲ್ಲಿ ಗುಜರಾತಿನ ಬರಗಾಲದ ಮಕ್ಕಳೂ ಬಂದ ಮೇಲೆ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಬಹುಪಾಲು ಹೆಂಗಸರು, ಹುಡುಗಿಯರು. ಜಾತಿ ಕೇಳದೆ ಒಂದೇ ಪಂಕ್ತಿ.

ಅಲ್ಲಿ ಓದಿನ ಜತೆ ನೇಯ್ಗೆ, ಹೊಲಿಗೆ, ಬೇಸಾಯ, ಹೈನುಗಾರಿಕೆ, ಎಣ್ಣೆಗಾಣ, ಅಡುಗೆ, ಮುದ್ರಣ ಎಲ್ಲವನ್ನೂ ಕಲಿಸಿದರು. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಿ ಬುಟ್ಟಿ ಹೆಣೆಯುವ ಕೆಲಸ ಕೊಟ್ಟರು. ಶಾಸ್ತ್ರ ಬಂದರೂ ಅನ್ನ ದುಡಿಯಲು ಬಾರದೆ ಹೆತ್ತವರನ್ನು ಕಳೆದುಕೊಂಡ ಮಗಳು, ತನ್ನ ಬಳಿ ಬಂದ ಯಾರೂ ಬರಿಗೈಯಲ್ಲಿ ಹೊರಗೆ ಹೋಗಬಾರದು ಎಂದು ಹಠ ಹಿಡಿದಂತಿತ್ತು.

ಇನ್ನು ಬೋಧನೆಯ ವಿಷಯ. 1898ರಲ್ಲಿ ಇಂಗ್ಲೆಂಡಿನ ಕೆಸ್ವಿಕ್ ಎಂಬಲ್ಲಿನ ದೊಡ್ಡ ಕ್ರೈಸ್ತ ಸಮಾವೇಶದಲ್ಲಿ ಮಾತನಾಡಿ ಬಂದ ರಮಾಬಾಯಿ, 1905ರಲ್ಲಿ ಮುಕ್ತಿಯಲ್ಲಿ ನಿತ್ಯ ಪ್ರಾರ್ಥನಾ ಕೂಟಗಳನ್ನು ಆರಂಭಿಸಿದರು. ಆ ವರ್ಷದ ಜೂನ್ ಕೊನೆಯಲ್ಲಿ ಅಲ್ಲಿ ಎದ್ದ ಭಕ್ತಿಯ ಅಲೆ ಕ್ರೈಸ್ತ ಇತಿಹಾಸದಲ್ಲಿ ಮುಕ್ತಿಯ ಪುನರುಜ್ಜೀವನ ಎಂದೇ ಪ್ರಸಿದ್ಧ. ಹುಡುಗಿಯರು ತಂಡ ತಂಡವಾಗಿ ಸುತ್ತಲಿನ ಹಳ್ಳಿಗಳಿಗೆ ಹೋಗಿ ಬೋಧಿಸತೊಡಗಿದರು. ನಿನ್ನೆ ಬರಗಾಲದಲ್ಲಿ ಸಾಯಲು ಬಿದ್ದಿದ್ದವರು, ವಿಧವೆ ಎಂದು ಮನೆಯ ಕತ್ತಲೆಗೆ ತಳ್ಳಲ್ಪಟ್ಟವರು, ಇಂದು ಊರ ನಡುವೆ ನಿಂತು ಮಾತನಾಡುತ್ತಿದ್ದರು. ಅವರಿಗೆ ಯಾವ ಬಿಷಪ್ಪರ ಪರವಾನಗಿಯೂ ಇರಲಿಲ್ಲ. ರಮಾಬಾಯಿ ಕಟ್ಟಿದ ಸಭೆ ಯಾವ ಪಂಗಡಕ್ಕೂ ಸೇರಿರಲಿಲ್ಲ. ಅಲ್ಲಿ ಜತೆಗಾರ್ತಿಯಾಗಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಇದರ ಬಗ್ಗೆ ಬರೆದ ಪುಸ್ತಕವನ್ನು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದ್ದ ಗೆಳತಿಗೆ ಕಳಿಸಿದರು. ಅಲ್ಲಿ ಹುಟ್ಟಿದ ಪೆಂಟೆಕೋಸ್ಟಲ್ ಚಳವಳಿಗೆ ಅದು ಒಂದು ಪ್ರೇರಣೆಯಾಯಿತು. ಕೇಡಗಾಂವ್‌ನ ಹುಡುಗಿಯರ ಪ್ರಾರ್ಥನೆ ಅಷ್ಟು ದೂರ ಕೇಳಿಸಿತು.

ಕೊನೆಯ ಹದಿನೆಂಟು ವರ್ಷ ರಮಾಬಾಯಿ ಇನ್ನೊಂದು ಕೆಲಸ ಹಿಡಿದರು. ಆಗಿದ್ದ ಮರಾಠಿ ಬೈಬಲ್ ಹಳ್ಳಿಯ ಹೆಂಗಸರಿಗೆ ಕಠಿಣ ಎನಿಸಿದ್ದರಿಂದ, ಹೀಬ್ರೂ ಮತ್ತು ಗ್ರೀಕ್ ಕಲಿತು ಸರಳ ಮರಾಠಿಗೆ ತಾವೇ ಅನುವಾದಿಸಿದರು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು ಮುಕ್ತಿಯ ಹೆಂಗಸರೇ. ಒಬ್ಬ ಮಹಿಳೆ ಇಡೀ ಬೈಬಲನ್ನು ಮೂಲಭಾಷೆಗಳಿಂದ ಅನುವಾದಿಸಿದ್ದು ಜಗತ್ತಿನಲ್ಲೇ ಅಪರೂಪ. ಕನ್ನಡ ಬೈಬಲಿನ ಕತೆಯಲ್ಲಿ ನಾವು ಕೇಳುವ ಹ್ಯಾಂಡ್ಸ್, ವೀಗಲ್ ಮೊದಲಾದ ಹೆಸರುಗಳೆಲ್ಲ ಗಂಡಸರದು. ಕಿಟ್ಟೆಲ್ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ ನಮ್ಮ ಬಾಸೆಲ್ ಮಿಷನ್ ಮುದ್ರಣಾಲಯದ ಬಗ್ಗೆ ಮಂಗಳೂರಿಗರು ಹೆಮ್ಮೆಪಡುತ್ತೇವೆ. ಘಟ್ಟದ ಮಗಳೊಬ್ಬಳು ಬೇರೆ ನಾಡಿನಲ್ಲಿ ನಡೆಸಿದ ಮುದ್ರಣಾಲಯದ ಬಗ್ಗೆಯೂ ಒಂದಿಷ್ಟು ಹೆಮ್ಮೆಪಡಬಹುದು.

ಕರ್ನಾಟಕದ ನಂಟೂ ಪೂರ್ತಿ ಕಡಿದಿರಲಿಲ್ಲ. 1912ರಲ್ಲಿ ಗುಲ್ಬರ್ಗ, ಅಂದರೆ ಇಂದಿನ ಕಲಬುರಗಿಯಲ್ಲಿ ಶಾಲೆಯೊಂದು ಆರಂಭವಾಯಿತು. ಅದರ ಹೊಣೆ ಮಗಳು ಮನೋರಮಾ ಹೆಗಲಿಗೆ ಬಂತು. ತಾಯಿಯ ನಂತರ ಮುಕ್ತಿಯನ್ನು ನಡೆಸಬೇಕಿದ್ದ ಆ ಮಗಳು 1921ರಲ್ಲಿ ನಲವತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಒಂಬತ್ತು ತಿಂಗಳಲ್ಲೇ, 1922ರ ಏಪ್ರಿಲ್ 5ರಂದು, ಅನುವಾದದ ಕೆಲಸ ಮುಗಿಸಿದ ರಮಾಬಾಯಿಯೂ ಕಣ್ಣು ಮುಚ್ಚಿದರು. 1989ರಲ್ಲಿ ಅಂಚೆ ಇಲಾಖೆ ಆಕೆಯ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಮುಕ್ತಿ ಮಿಷನ್ ಇಂದಿಗೂ ಕೇಡಗಾಂವ್‌ನಲ್ಲಿ ಕೆಲಸ ಮಾಡುತ್ತಿದೆ.

ನಮ್ಮ ಪಾಲಿಗೆ ಏನು?

ಈಗಿನ ಮಂಗಳೂರಿನ ಬಲ್ಮಠದ ಕಡೆ ನಡೆದುಹೋದರೆ 1965ರಲ್ಲಿ ಆರಂಭವಾದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸಿಗುತ್ತದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಾಗ ವೇದಿಕೆ ಹತ್ತಿ ಬೋಧಿಸುವುದು ಗಂಡಸರ ಕೆಲಸ. ಇಂದು ಸಿಎಸ್‌ಐ ಸಭೆಯಲ್ಲಿ ಹೆಣ್ಣುಮಕ್ಕಳೂ ಪಾದ್ರಿ ದೀಕ್ಷೆ ಪಡೆಯಬಹುದು. ಆ ಸಭೆ 1970ರ ದಶಕದಲ್ಲೇ ಅದಕ್ಕೆ ಒಪ್ಪಿತು. 2013ರಲ್ಲಿ ಆಂಧ್ರದ ನಂದ್ಯಾಲದ ಪುಷ್ಪಲಲಿತಾ ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಆದರು. ರಮಾಬಾಯಿಗೆ ದೀಕ್ಷಾಸ್ನಾನ ಕೊಟ್ಟ ಇಂಗ್ಲೆಂಡಿನ ಸಭೆ ಹೆಂಗಸರನ್ನು ಪಾದ್ರಿಗಳಾಗಿ ಸ್ವೀಕರಿಸಿದ್ದು 1994ರಲ್ಲಿ, ಆಕೆಯ ದೀಕ್ಷಾಸ್ನಾನವಾಗಿ 111 ವರ್ಷದ ನಂತರ. ಅಲ್ಲಿ ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ, ನಮ್ಮವರಿಗಿಂತ ತಡವಾಗಿ. ಕೆಥೋಲಿಕ್ ಸಭೆಯಲ್ಲಿ ಇಂದಿಗೂ ಹೆಂಗಸರಿಗೆ ಪಾದ್ರಿ ದೀಕ್ಷೆ ಇಲ್ಲ, ಆದರೆ ಅಲ್ಲಿನ ಸಿಸ್ಟರ್‌ಗಳು ಶಾಲೆ, ಕಾಲೇಜು, ಆಸ್ಪತ್ರೆಗಳನ್ನು ಮುನ್ನಡೆಸುವುದನ್ನು ಮಂಗಳೂರಿನಲ್ಲಿ ದಿನವೂ ಕಾಣುತ್ತೇವೆ. ಬೇರೆ ಧರ್ಮಗಳಲ್ಲೂ ಇಂಥ ಪ್ರಶ್ನೆಗಳಿವೆ. ಒಪ್ಪುವುದು, ಬಿಡುವುದು ಆಯಾ ಸಮುದಾಯದವರಿಗೆ ಬಿಟ್ಟದ್ದು. ಆದರೆ ಪ್ರಶ್ನೆ ಎಷ್ಟು ಹಳೆಯದು, ಅದನ್ನು ನಮ್ಮ ಘಟ್ಟದ ಮನೆಯೊಂದು ಎಷ್ಟು ಬೇಗ ಎದುರಿಸಿತು ಎಂಬುದು ಎಲ್ಲರೂ ತಿಳಿಯಬೇಕಾದ ಸಂಗತಿ.

ಧರ್ಮದ ವಿಷಯ ಬದಿಗಿಟ್ಟರೂ ಈ ಬದುಕಿನಲ್ಲಿ ನಮ್ಮಂಥ ಹುಡುಗ, ಹುಡುಗಿಯರಿಗೆ ಉಳಿಯುವುದು ಬಹಳ ಇದೆ. ನಾನು ಹೋದ ಗ್ರೂಪ್ ಡಿಸ್ಕಷನ್‌ಗಳಲ್ಲಿ ಗಮನಿಸಿದ್ದೇನೆ, ವಿಷಯ ಚೆನ್ನಾಗಿ ಗೊತ್ತಿರುವ ಎಷ್ಟೋ ಮಂದಿ ಯಾರಾದರೂ ಕರೆದು ಮಾತನಾಡಿಸಲಿ ಎಂದು ಕಾಯುತ್ತ ಕೂರುತ್ತಾರೆ. ಅವರಲ್ಲಿ ಹುಡುಗಿಯರೇ ಹೆಚ್ಚು. ಸಮಯ ಮುಗಿಯುತ್ತದೆ, ಕರೆ ಬರುವುದಿಲ್ಲ. ರಮಾಬಾಯಿಗೂ ಯಾರೂ ಕರೆದು ಕುರ್ಚಿ ಕೊಡಲಿಲ್ಲ. ಆಕೆ ಓದಿಕೊಂಡರು, ಆಧಾರ ಸಿದ್ಧ ಮಾಡಿಕೊಂಡರು, ಎದ್ದು ಮಾತನಾಡಿದರು. ತಂದೆ ಉಡುಪಿಯ ಸಭೆಯಲ್ಲಿ ಗೆದ್ದದ್ದೂ ಹಾಗೆಯೇ, ಕೂಗಾಡಿ ಅಲ್ಲ, ಗ್ರಂಥ ತೆರೆದು ತೋರಿಸಿ. ಹಠಕ್ಕೆ ಓದಿನ ಬೆನ್ನೆಲುಬು ಇರಬೇಕು ಎಂಬುದನ್ನು ಈ ಮನೆತನದಿಂದ ಕಲಿಯಬಹುದು.

ಇನ್ನೊಂದು, ವಿದ್ಯೆಯ ಜತೆ ಒಂದು ಕಸುಬು. ಎರಡರಲ್ಲಿ ಒಂದು ಸಾಲದು ಎಂದು ಆಕೆ ಹಸಿವಿನಿಂದ ಕಲಿತರು. ನಮಗೆ ಓದಿ ಕಲಿಯುವ ಅವಕಾಶವಿದೆ.

1907ರಲ್ಲಿ ರಮಾಬಾಯಿ ಇಂಗ್ಲಿಷಿನಲ್ಲಿ ಬರೆದ ಪುಟ್ಟ ಆತ್ಮಕಥನವಿದೆ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದರಲ್ಲಿ ಗಂಗಾಮೂಲವಿದೆ, ಉಡುಪಿಯಿದೆ, ಮಂಗಳೂರು ಜಿಲ್ಲೆಯ ಹೆಸರಿದೆ. ಪರೀಕ್ಷೆಯ ತಯಾರಿಯ ನಡುವೆ ಬಿಡುವು ಸಿಕ್ಕಾಗ ಓದಿ. ಮಾಳದ ಕಡೆಗೆ ಹೋಗುವ ಗೆಳೆಯರಿದ್ದರೆ, ಈ ಹೆಸರು ಕೇಳಿದ್ದೀರಾ ಎಂದು ಅಲ್ಲಿನ ಶಾಲಾ ಮಕ್ಕಳನ್ನು ಒಮ್ಮೆ ವಿಚಾರಿಸಿ. ಕೇಳಿಲ್ಲ ಎಂದರೆ ಕತೆ ಹೇಳಿ ಬನ್ನಿ.